ಕೊಲೆಗಾರ ಸಿಗದ ಚಿತ್ರ

ದಕ್ಷಿಣ ಕೊರಿಯಾದ ನಿರ್ದೇಶಕ ಬಾಂಗ್ ಜೂನ್-ಹೋ 2003ರಲ್ಲಿ ‘ಮೆಮೊರೀಸ್ ಆಫ್ ಮರ್ಡರ್’ ಎಂಬ ಚಿತ್ರ ಮಾಡಿದರು. ಅಲ್ಲಿನ ಹ್ವಾಸೊಂಗ್ ಸುತ್ತಮುತ್ತ 1986ರಿಂದ 1991ರವರೆಗೆ ನಡೆದ ಮಹಿಳೆಯರ ಸರಣಿ ಕೊಲೆಗಳೇ ಅದರ ವಸ್ತು. ಚಿತ್ರದಲ್ಲಿ ಕೊಲೆಗಾರ ಸಿಗುವುದಿಲ್ಲ. ಪೊಲೀಸ್ ಕೆಲಸ ಬಿಟ್ಟು ವ್ಯಾಪಾರಕ್ಕಿಳಿದ ಪತ್ತೇದಾರ ವರ್ಷಗಳ ಮೇಲೆ ಶವ ಸಿಕ್ಕಿದ್ದ ಜಾಗಕ್ಕೆ ಬಂದು ನೇರ ಕ್ಯಾಮೆರಾವನ್ನು, ಅಂದರೆ ನಮ್ಮನ್ನೇ, ದಿಟ್ಟಿಸುತ್ತಾನೆ. ಅಷ್ಟೇ.

ಹಾಗಾದರೆ ಚಿತ್ರದಲ್ಲಿ ಪೊಲೀಸರು ಶಂಕಿಸುವ ಆ ಮೃದು ಕೈಗಳ ಯುವಕನೇ ಕೊಂದದ್ದಾ? ನೋಡಿದವರ ವಾದ ಇನ್ನೂ ಮುಗಿದಿಲ್ಲ. ಅಮೆರಿಕದಿಂದ ಬಂದ ಡಿಎನ್‌ಎ ವರದಿ ತಾಳೆಯಾಗಲಿಲ್ಲವೆಂದು ಚಿತ್ರವೇ ಹೇಳಿದರೂ ನಾವು ಅವನನ್ನು ಬಿಡಲೊಲ್ಲೆವು. ಕೊಲೆಯಾದ ಮಳೆಯ ರಾತ್ರಿ, ರೇಡಿಯೊದಲ್ಲಿ ಅವನು ಕೋರಿದ ಒಂದು ಹಾಡು. ನಮಗೆ ಅಷ್ಟು ಸಾಕ್ಷ್ಯ ಸಾಕು! ಯಾರನ್ನಾದರೂ ಹಿಡಿದು ಮುಗಿಸಿಬಿಡುವ ಈ ಆತುರವನ್ನೇ ಚಿತ್ರ ಮೊದಲಿನಿಂದಲೂ ಪೊಲೀಸರಲ್ಲಿ ತೋರಿಸಿತ್ತು. ಹೊಡೆದು ಬಾಯಿಬಿಡಿಸುವುದು, ಪುರಾವೆ ಹುಟ್ಟಿಸುವುದು. ಆ ಅಸ್ಪಷ್ಟ ಅಂತ್ಯವೇ ಪ್ರಾಮಾಣಿಕ ಅಂತ್ಯ ಎಂದು ನನಗನಿಸುವುದು ಇದಕ್ಕೇ.

ಚಿತ್ರದಾಚೆ, 2019ರಲ್ಲಿ ಹ್ವಾಸೊಂಗ್‌ನ ನಿಜವಾದ ಕೊಲೆಗಾರ ಡಿಎನ್‌ಎ ಪರೀಕ್ಷೆಯಿಂದ ಪತ್ತೆಯಾದ. ಚಿತ್ರ ತೆರೆಕಂಡಾಗಲೇ ಅವನು ಬೇರೊಂದು ಕೊಲೆಗಾಗಿ ಜೈಲಿನಲ್ಲಿದ್ದ. ಅವನು ಮಾಡಿದ ಒಂದು ಕೊಲೆಗೆ ನಿರಪರಾಧಿಯೊಬ್ಬ ಸುಮಾರು 20 ವರ್ಷ ಸೆರೆವಾಸ ಅನುಭವಿಸಿದ್ದ. ಆತನನ್ನು ನ್ಯಾಯಾಲಯ ನಿರ್ದೋಷಿ ಎಂದದ್ದು 2020ರ ಡಿಸೆಂಬರ್‌ನಲ್ಲಿ.