ಗೇಮಿಂಗ್ ಕಂಪ್ಯೂಟರ್: ಖರ್ಚಿಗೆ ಮುನ್ನ ಪರೀಕ್ಷೆ

(ವಿದ್ಯಾರ್ಥಿಗಳು ಮತ್ತು ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಗೇಮಿಂಗ್ ಕಂಪ್ಯೂಟರ್ ಎಂದ ಕೂಡಲೇ ಪಾಲಕರು ಹುಬ್ಬು ಗಂಟಿಕ್ಕುತ್ತಾರೆ. ಆದರೆ ಆಟ ನಡೆಸುವ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡುಗಳೇ ಕಟ್ಟಡದ ನಕ್ಷೆ ಬಿಡಿಸಲು, ವಿಡಿಯೋ ಸಂಕಲನ ಮಾಡಲು, ಪ್ರೋಗ್ರಾಮಿಂಗ್ ಕಲಿಯಲು ನೆರವಾಗುತ್ತವೆ. ಮನೆಯವರು ಕಷ್ಟಪಟ್ಟು ಕೊಡಿಸಿದ ಯಂತ್ರ ಕೆಲವು ವರ್ಷಗಳಲ್ಲಿ ನಿಧಾನವಾದರೆ 'ಹೊಸದು ಬೇಕು' ಎಂಬ ಹಟ ಶುರುವಾಗುತ್ತದೆ. ನಾನು ಹೇಳಬೇಕಾದ ಮಾತು ಒಂದೇ: ಹಣ ಬಿಚ್ಚುವ ಮೊದಲು ನಿಧಾನವೇಕೆ ಎಂದು ಅಳೆದು ನೋಡಿ. ಅನೇಕ ಸಲ ದೋಷ ಹಳೆಯ ಬಿಡಿಭಾಗದ್ದಲ್ಲ, ಶಾಖದ್ದು.

ಪ್ರೊಸೆಸರ್ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಅದರ ಉಷ್ಣತೆ ಸುಮಾರು 90ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಆಟ ಆರಂಭದಲ್ಲಿ ಸರಾಗವಾಗಿದ್ದು, ಹತ್ತು ಹದಿನೈದು ನಿಮಿಷದ ಮೇಲೆ ತಡವರಿಸಿದರೆ ಶಾಖವನ್ನು ಅನುಮಾನಿಸಿ. ಉಷ್ಣತೆ ತೋರಿಸುವ ಉಚಿತ ತಂತ್ರಾಂಶಗಳಿವೆ. ಒಮ್ಮೆ ಅಳೆದು ಬರೆದಿಡಿ. ಬಳಿಕ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು ಅದೇ ಆಟವನ್ನು ಅಷ್ಟೇ ಹೊತ್ತು ಆಡಿ ಮತ್ತೆ ಅಳೆಯಿರಿ. ಉಷ್ಣತೆ ಗಣನೀಯವಾಗಿ ಇಳಿದರೆ ಕ್ಯಾಬಿನೆಟ್ಟಿಗೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಇಳಿಯದಿದ್ದರೆ ಕೂಲರನ್ನು ಪರೀಕ್ಷಿಸಿ.

ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಧೂಳು ತೆಗೆಯಿರಿ. ಗಾಳಿ ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿಯಿರಿ. ಪ್ರೊಸೆಸರ್ ಮತ್ತು ಕೂಲರ್ ನಡುವಿನ ಥರ್ಮಲ್ ಪೇಸ್ಟ್ ಒಣಗಿದ್ದರೆ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ. ಮುಂದಿನ ಫ್ಯಾನ್ ತಣ್ಣನೆಯ ಗಾಳಿಯನ್ನು ಒಳಗೆ ಎಳೆಯಲಿ, ಹಿಂದಿನದು ಬಿಸಿ ಗಾಳಿಯನ್ನು ಹೊರಗೆ ತಳ್ಳಲಿ. ಪವರ್ ಸಪ್ಲೈಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಇನ್ನೊಂದು ಮಾತು. ಸಾಮಾನ್ಯ ಫ್ಯಾನ್ ಆಗಲಿ, ದುಬಾರಿ ನೀರಿನ ಕೂಲರ್ ಆಗಲಿ, ಪ್ರೊಸೆಸರನ್ನು ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ಕೋಣೆ 10 ಡಿಗ್ರಿ ಹೆಚ್ಚು ಕಾದರೆ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಕಾಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಕಡೆಯವರು ಇದನ್ನು ಮರೆಯಬಾರದು. ಕ್ಯಾಬಿನೆಟ್ಟನ್ನು ಮೇಜಿನ ಗೂಡಿಗೆ ತುರುಕುವ ಬದಲು ಗೋಡೆಯಿಂದ ದೂರ ಇಡಿ.

ಶಾಖವನ್ನು ಹೊರಹಾಕುವುದಕ್ಕಿಂತ ಹುಟ್ಟದಂತೆ ನೋಡುವುದು ಜಾಣತನ. 60 ಹರ್ಟ್ಸಿನ ಮಾನಿಟರ್ ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸಬಲ್ಲದು. ಗ್ರಾಫಿಕ್ಸ್ ಕಾರ್ಡ್ 140 ಚಿತ್ರ ರಚಿಸಿದರೆ ಹೆಚ್ಚಿನ ದುಡಿಮೆಯ ಬಹುಪಾಲು ಬರೀ ಶಾಖ. ಆಟದ ಸೆಟ್ಟಿಂಗಿನಲ್ಲಿ ಮಿತಿ ಹಾಕಿ. ಇದಕ್ಕೆ ಖರ್ಚೇ ಇಲ್ಲ. ವಿಜ್ಞಾನದ ವಿದ್ಯಾರ್ಥಿಗಳು ಇದನ್ನೂ ಗಮನಿಸಿ: ವೇಗ ಅಷ್ಟೇ ಇದ್ದಾಗ ಚಿಪ್ಪಿನ ಕಾರ್ಯಕ್ಕೆ ಬೇಕಾಗುವ ವಿದ್ಯುತ್ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೋಲ್ಟೇಜನ್ನು ಶೇಕಡಾ 10 ಇಳಿಸಿದರೆ ಆ ವಿದ್ಯುತ್ ಶೇಕಡಾ 19 ಇಳಿಯುತ್ತದೆ.

ಇಷ್ಟಾದರೂ ವೇಗ ಸಾಲದಿದ್ದರೆ ಬಿಡಿಭಾಗ ಬದಲಿಸಿ, ಆದರೆ ಹೊಂದಾಣಿಕೆ ನೋಡಿಕೊಂಡು. ಎಎಂಡಿಯ ಎಎಂ4 ಸಾಕೆಟ್ಟಿನ ಉದಾಹರಣೆ ನೋಡಿ. 2017ರ ರೈಜನ್ 5 1600 ಇರುವ ಅನೇಕ ಮದರ್‌ಬೋರ್ಡುಗಳಲ್ಲಿ ಬಯಾಸ್ ನವೀಕರಿಸಿದರೆ 2022ರ ರೈಜನ್ 5 5600 ಕೂರುತ್ತದೆ. ಎರಡೂ 65 ವ್ಯಾಟ್ ದರ್ಜೆಯವು; ವೇಗದಲ್ಲಿ ಮಾತ್ರ ಬಹಳ ಅಂತರ. ನವೀಕರಣವನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಮುಗಿಸಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ 1600 ಇಲ್ಲ, 5600 ಇದೆ. ಆದರೆ ಎಲ್ಲೆಡೆ ಹೀಗೆ ನಡೆಯದು. ಇಂಟೆಲ್ಲಿನ 8ನೇ ಪೀಳಿಗೆಯ ಪ್ರೊಸೆಸರುಗಳು 2017ರಲ್ಲಿ ಬಂದಾಗ ಸಾಕೆಟ್ಟಿನ ಹೆಸರು ಹಳೆಯದೇ ಆಗಿದ್ದರೂ ಹೊಸ ಬೋರ್ಡೇ ಬೇಕಾಯಿತು.

ಗ್ರಾಫಿಕ್ಸ್ ಕಾರ್ಡ್ ಕೊಳ್ಳುವಾಗ ವ್ಯಾಟ್ ನೋಡಿ. ಬೋರ್ಡಿನ ಸ್ಲಾಟ್ ಕೊಡುವುದು ಗರಿಷ್ಠ 75 ವ್ಯಾಟ್. 170 ವ್ಯಾಟಿನ ಆರ್‌ಟಿಎಕ್ಸ್ 3060ಕ್ಕೆ ತಯಾರಕರು 550 ವ್ಯಾಟಿನ ಪವರ್ ಸಪ್ಲೈ ಸೂಚಿಸುತ್ತಾರೆ. ಅಲ್ಲಿ ಅಗ್ಗದ ಮಾಲಿಗೆ ಕೈಹಾಕಿದರೆ ಉಳಿದೆಲ್ಲ ಭಾಗಗಳಿಗೂ ಅಪಾಯ.

ವಿದ್ಯಾರ್ಥಿ ಮಿತ್ರರೇ, ಮನೆಯಲ್ಲಿ ಹಣ ಕೇಳುವ ಮೊದಲು ನಿಮ್ಮ ಕೈಯಲ್ಲಿ ಅಳತೆಯ ಚೀಟಿ ಇರಲಿ. ಯಾವುದು ಏಕೆ ಬೇಕೆಂದು ಹೇಳಬಲ್ಲ ಮಗನ, ಮಗಳ ಮಾತನ್ನು ತಂದೆತಾಯಿ ಕೇಳುತ್ತಾರೆ. ಪಾಲಕರೇ, ಮಕ್ಕಳು ಸ್ಕ್ರೂಡ್ರೈವರ್ ಹಿಡಿದರೆ ಗದರಿಸದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಅದೂ ಒಂದು ಪಾಠವೇ.