ಜಾಲತಾಣದ ದನಿ, ಕಡತದ ಸಾಕ್ಷಿ

ಸಾರ್ವಜನಿಕ ಕೆಲಸಕ್ಕೆ ಇಳಿದವರ ಕೈಯಲ್ಲಿ ಸಾಮಾಜಿಕ ಜಾಲತಾಣ ಎರಡು ಕೆಲಸ ಮಾಡುತ್ತದೆ: ಜನರನ್ನು ಕೂಡಿಸುತ್ತದೆ, ನಡೆದದ್ದನ್ನು ದಾಖಲಿಸುತ್ತದೆ. ಮೊದಲನೆಯದು ಎಲ್ಲರ ಕಣ್ಣಿಗೆ ಬೀಳುತ್ತದೆ. ಹೋರಾಟವನ್ನು ದಡ ಮುಟ್ಟಿಸುವುದು ಮಾತ್ರ ಹೆಚ್ಚಾಗಿ ಎರಡನೆಯದು.

ಮೊಬೈಲ್ ಇಲ್ಲದ ಕಾಲದಲ್ಲೂ ಈ ಮಾತು ಸತ್ಯವಾಗಿತ್ತು ಎಂಬುದಕ್ಕೆ ಗೌರಿಬಿದನೂರು ಬಳಿಯ ವಿದುರಾಶ್ವತ್ಥವೇ ಸಾಕ್ಷಿ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಆರಂಭವಾದ ಧ್ವಜ ಸತ್ಯಾಗ್ರಹ ಕೆಲವೇ ದಿನಗಳಲ್ಲಿ ಗೌರಿಬಿದನೂರು ಸೀಮೆಗೂ ಹಬ್ಬಿತು. ಏಪ್ರಿಲ್ 25ರಂದು ನಿಷೇಧಾಜ್ಞೆ ಮೀರಿ ವಿದುರಾಶ್ವತ್ಥದಲ್ಲಿ ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸುದ್ದಿ ದೇಶಕ್ಕೆಲ್ಲ ಮುಟ್ಟಿತು. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಮೈಸೂರು ಸಂಸ್ಥಾನಕ್ಕೆ ಧಾವಿಸಿ ಬಂದರು. ಮೇ ತಿಂಗಳಲ್ಲಿ ಸಂಸ್ಥಾನದ ದಿವಾನ ಮಿರ್ಜಾ ಅವರೊಂದಿಗೆ ಮಿರ್ಜಾ–ಪಟೇಲ್ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜ ಹಾರಿಸಲು ಒಪ್ಪಿಗೆ ಸಿಕ್ಕಿತು. ಆದರೆ ಸತ್ತವರು ಸರ್ಕಾರದ ಲೆಕ್ಕದಲ್ಲಿ 10 ಮಂದಿ. ಜನರ ಲೆಕ್ಕ 30 ದಾಟುತ್ತದೆ. ಎಂಟು ದಶಕ ಕಳೆದರೂ ಈ ಎರಡು ಅಂಕಿಗಳು ಒಂದಾಗಿಲ್ಲ. ಸುದ್ದಿ ಹರಡಿದ್ದರಿಂದ ಒಪ್ಪಂದ ಕೈಗೂಡಿತು. ಅಲ್ಲಗಳೆಯಲಾಗದ ದಾಖಲೆ ಜನರ ಕೈಯಲ್ಲಿ ಇಲ್ಲದ್ದರಿಂದ ಜೀವ ಕೊಟ್ಟವರ ಲೆಕ್ಕವೇ ವಿವಾದವಾಗಿ ಉಳಿಯಿತು. ಇದು ಈ ನೆಲದ ಮಾಯದ ನೋವು.

ಜನರನ್ನು ಕೂಡಿಸುವ ಶಕ್ತಿಗೆ ಹೊಸ ಕಾಲದ ಉದಾಹರಣೆ ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಇದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಾಗ, 'ಸ್ಟೀಲ್ ಫ್ಲೈಓವರ್ ಬೇಡ' ಎಂಬ ಹ್ಯಾಶ್‌ಟ್ಯಾಗ್ ಜಾಲತಾಣಗಳಲ್ಲಿ ಹಬ್ಬಿತು. 2016ರ ಅಕ್ಟೋಬರ್ 16ರಂದು ಸಾವಿರಾರು ಮಂದಿ ರಸ್ತೆ ಬದಿಯಲ್ಲಿ ಮಾನವ ಸರಪಳಿಯಾಗಿ ನಿಂತರು. ಅದೇ ವೇಳೆ ಹಸಿರು ನ್ಯಾಯಮಂಡಳಿಯಲ್ಲಿ ದಾವೆಯೂ ನಡೆಯಿತು. 2017ರ ಮಾರ್ಚ್‌ನಲ್ಲಿ ಯೋಜನೆ ರದ್ದಾಯಿತು. ಹ್ಯಾಶ್‌ಟ್ಯಾಗ್ ಒಂದೇ ಇದ್ದಿದ್ದರೆ ಇಷ್ಟಾಗುತ್ತಿರಲಿಲ್ಲ.

ನೀರಿನ ಹೋರಾಟ ಇನ್ನೂ ಕಷ್ಟದ್ದು. ಬೆಂಗಳೂರಿನ ಸಂಸ್ಕರಿತ ತ್ಯಾಜ್ಯ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ಚಿಕ್ಕಬಳ್ಳಾಪುರದ ಪಾಲಿಗೆ ಇರುವುದು ಇದೇ ಬಗೆಯ ಎಚ್.ಎನ್. ವ್ಯಾಲಿ ಯೋಜನೆ. 2018ರ ಜುಲೈನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದ ಕೆ.ಸಿ. ವ್ಯಾಲಿ ನೀರಿನ ಮೇಲೆ ಬಿಳಿ ನೊರೆ ಎದ್ದಿತು. ಆ ದೃಶ್ಯ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿತು. ಆದರೆ ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿ ಅವರು ಹೈಕೋರ್ಟ್ ಮೆಟ್ಟಿಲು ಹತ್ತಿದ್ದರಿಂದಲೇ ತಡೆಯಾಜ್ಞೆ ಸಿಕ್ಕಿತು. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2019ರಲ್ಲಿ ಯೋಜನೆ ಮುಂದುವರಿಯಿತು. ಎರಡಲ್ಲ, ಮೂರು ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ಮಾತ್ರ ಈ ಬಯಲುಸೀಮೆಯಲ್ಲಿ ಗಟ್ಟಿಯಾಗಿ ಬೇರೂರಿತು. ನೊರೆ ಕಣ್ಣಿಗೆ ಕಾಣುತ್ತದೆ. ನೀರಿನಲ್ಲಿ ಕರಗಿದ ಲೋಹವನ್ನು ತೋರಿಸಲು ಪ್ರಯೋಗಾಲಯದ ವರದಿಯೇ ಬೇಕು.

ದಾಖಲೆ ಎಂದರೆ ಏನು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಮೊಬೈಲ್‌ನಲ್ಲಿ ತೆಗೆದ ಚಿತ್ರದೊಳಗೆ ತಾರೀಖು, ಸಮಯ, ಕೆಲವೊಮ್ಮೆ ಸ್ಥಳವೂ ಅಡಗಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿನಂತೆ ಕಳಿಸಿದರೆ ಚಿತ್ರ ಕುಗ್ಗಿ ಆ ವಿವರಗಳು ಉದುರಿಹೋಗುತ್ತವೆ. ಆದ್ದರಿಂದ ಮೂಲ ಚಿತ್ರವನ್ನು ಅಳಿಸದೆ ಕಾಪಾಡಬೇಕು. ಚಿತ್ರದಲ್ಲಿ ಕೆರೆಯ ತೂಬು, ಕೋಡಿ, ಊರಿನ ನಾಮಫಲಕದಂಥ ಗುರುತು ಕಾಣಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರವನ್ನೂ ಲಗತ್ತಿಸಬೇಕಾಗುತ್ತದೆ.

ದಾಖಲೆಯ ಬಲವಿಲ್ಲದ, ಖಾತ್ರಿಯಿಲ್ಲದ ಸುದ್ದಿ ಜೀವವನ್ನೂ ತೆಗೆಯುತ್ತದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸುವ ಮಿತಿಯನ್ನು ಪ್ರಕಟಿಸಿತು. ತಂತ್ರಜ್ಞಾನದ ಮಿತಿ ಇಷ್ಟೇ ಮಾಡಬಲ್ಲದು. ಕಳಿಸುವ ಮುನ್ನ ಒಂದು ಫೋನ್ ಮಾಡಿ ವಿಚಾರಿಸುವ ಹೊಣೆ ಓದಿದವರದು.

ಕಡತದ ದಾಖಲೆ ಪಡೆಯಲು ದಾರಿಯೂ ಇದೆ: ಮಾಹಿತಿ ಹಕ್ಕು ಕಾಯ್ದೆಯಡಿ ಕೊಟ್ಟ ಅರ್ಜಿಗೆ ಸರ್ಕಾರಿ ಕಚೇರಿ 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲ್ಮನವಿಗೆ ಅವಕಾಶವಿದೆ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಹಳ್ಳಿಗಳಿಂದ ಬಂದು ಇಂದು ಪದವಿ ಪಡೆಯುತ್ತಿರುವವರು ತಮ್ಮ ಊರಿನ ಕೆರೆಯ ಚಿತ್ರವನ್ನು ಜಾಲತಾಣಕ್ಕೆ ಹಾಕುವ ದಿನವೇ ಪಂಚಾಯಿತಿಗೆ ಒಂದು ಅರ್ಜಿಯನ್ನೂ ಕೊಡಲಿ, ಅದರ ಸ್ವೀಕೃತಿಯನ್ನು ಕೇಳಿ ಪಡೆದುಕೊಳ್ಳಲಿ.