ಆಜ್ಞೆಯೂ ಪರೀಕ್ಷೆಯೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಭಗವಾನ್ ಮಹಾವೀರಸ್ವಾಮಿಗೆ ಕೇವಲಜ್ಞಾನವು ಉದಯಿಸಿದ ಮೇಲೂ 66 ದಿನ ದಿವ್ಯಧ್ವನಿ ಹೊರಡಲಿಲ್ಲವೆಂಬುದು ಪರಂಪರೆಯ ವೃತ್ತಾಂತ. ಸಮವಸರಣವು ಸಿದ್ಧವಾಗಿತ್ತು, ದೇವೇಂದ್ರನೇ ಇದ್ದನು, ಗ್ರಹಿಸಬಲ್ಲ ಗಣಧರರಿರಲಿಲ್ಲ. ಕೊನೆಗೆ ವಿಪುಲಾಚಲಕ್ಕೆ ಬಂದ ಇಂದ್ರಭೂತಿ ಗೌತಮನು ಭಕ್ತನಾಗಿ ಬಂದವನಲ್ಲ, ವಾದಕ್ಕೆ ಬಂದವನು. ಮಾನಸ್ತಂಭವನ್ನು ಕಂಡು ಅವನ ಮಾನವಿಳಿಯಿತು, ವಾಣಿಯು ಹರಿಯಿತು.

ಇಂದು ಶಾಲೆಯಲ್ಲಿ ಓದಿದ ಹುಡುಗನು, ಜಂಬೂದ್ವೀಪಕ್ಕೆ ಸೂರ್ಯರಿಬ್ಬರೆಂಬ ಶಾಸ್ತ್ರವಚನವನ್ನು ಕುರಿತು ಪ್ರಶ್ನಿಸಿದರೆ, “ಜಿನಾಜ್ಞೆ, ಸುಮ್ಮನಿರು” ಎನ್ನುವ ಹಿರಿಯರುಂಟು. ಹುಡುಗನು ಸುಮ್ಮನಾಗುತ್ತಾನೆ, ಮರುವರ್ಷ ಬಸದಿಗೂ ಬಾರನು.

ಶಾಸ್ತ್ರದಲ್ಲಿ ಎರಡು ಮಾತುಗಳೂ ಇವೆ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯ ಆರಂಭದಲ್ಲಿಯೇ, ದೇವತೆಗಳ ಆಗಮನ, ಚಾಮರ ಮೊದಲಾದ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ ಅವುಗಳಿಂದ ಜಿನನು ಮಹಾನನೆನಿಸನೆಂದು ನೇರವಾಗಿ ಜಿನನಿಗೇ ಹೇಳುತ್ತಾರೆ. ಪೂಜ್ಯಪಾದರಾದರೋ ಸರ್ವಾರ್ಥಸಿದ್ಧಿಯಲ್ಲಿ ಆಜ್ಞಾವಿಚಯವೆಂಬ ಧರ್ಮಧ್ಯಾನವನ್ನು ವಿವರಿಸುತ್ತ, ಸರ್ವಜ್ಞನ ಆಗಮವನ್ನೇ ಪ್ರಮಾಣವಾಗಿ ಸ್ವೀಕರಿಸಬೇಕೆನ್ನುತ್ತಾರೆ. ಆದರೆ ಯಾವಾಗ? ಉಪದೇಶಕರಿಲ್ಲದಾಗ, ಬುದ್ಧಿಯು ಮಂದವಾದಾಗ, ಪದಾರ್ಥವು ಸೂಕ್ಷ್ಮವಾಗಿ ಹೇತು ದೃಷ್ಟಾಂತಗಳು ನಿಂತುಹೋದಾಗ. ಈ ನಿಬಂಧನೆಯನ್ನು ಬಿಟ್ಟು ಆಜ್ಞೆಯನ್ನು ಮಾತ್ರ ಹೇಳುವವರು ಪೂಜ್ಯಪಾದರ ಅರ್ಧ ವಾಕ್ಯವನ್ನೇ ಓದಿದವರು.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರ ಜೀವಕಾಂಡದ 27, 28ನೆಯ ಗಾಥೆಗಳು ಇನ್ನೂ ಬಿಗಿಯಾಗಿವೆ. ಸಮ್ಯಗ್ದೃಷ್ಟಿಯು ತಿಳಿಯದೆ, ಗುರುವಿನ ಮಾತನ್ನು ನಂಬಿ ತಪ್ಪು ಅರ್ಥವನ್ನು ಶ್ರದ್ಧೆಯಿಂದ ಹಿಡಿದರೂ ಸಮ್ಯಗ್ದೃಷ್ಟಿಯೇ. ಸೂತ್ರದಿಂದ ಸರಿಯಾದ ಅರ್ಥವನ್ನು ತೋರಿಸಿದ ಮೇಲೂ ಬಿಡದಿದ್ದರೆ ಅಂದಿನಿಂದ ಮಿಥ್ಯಾದೃಷ್ಟಿ. ಇಲ್ಲಿ ಅಂಜಬೇಕಾದವನು ಕೇಳುವ ಹುಡುಗನಲ್ಲ, ಹಟ ಹಿಡಿದ ಹಿರಿಯನು. ಗಾಥೆಯು ಹೇಳುವುದು ಸೂತ್ರವನ್ನು ತೋರಿಸಿದಾಗಿನ ಮಾತು, ಶಾಲೆಯ ಪಠ್ಯವನ್ನು ತೋರಿಸಿದಾಗಿನದಲ್ಲ ಎಂಬುದನ್ನೂ ಮರೆಮಾಚಬಾರದು. ಸೂರ್ಯರ ಪ್ರಶ್ನೆಯು ಇದರಿಂದ ತೀರದು. ತೀರದ್ದನ್ನು ತೀರಿತೆನ್ನದಿರುವುದೂ ಸತ್ಯವ್ರತವೇ.

ತೀರದ ಪ್ರಶ್ನೆಯನ್ನು ಇಟ್ಟುಕೊಳ್ಳುವ ಬಗೆಯು ವೀರಸೇನಾಚಾರ್ಯರ ಧವಲಾ ಟೀಕೆಯಲ್ಲಿದೆ. ಇಬ್ಬರು ಆಚಾರ್ಯರ ಮತಗಳು ಭಿನ್ನವಾದೆಡೆ, ಸತ್ಯವು ಒಂದೇ ಇರಬಹುದಾದರೂ ಯಾವುದೆಂದು ನಿರ್ಣಯಿಸಲು ಈಗ ಕೇವಲಿಗಳಿಲ್ಲ, ಶ್ರುತಕೇವಲಿಗಳಿಲ್ಲ; ಆದುದರಿಂದ ಪಾಪಭೀರುಗಳಾದವರು ಎರಡನ್ನೂ ಸಂಗ್ರಹಿಸಬೇಕೆಂದು ಅವರು ಬರೆಯುತ್ತಾರೆ. ವ್ಯಾಪಾರಸ್ಥರಿಗೆ ಇದು ಹೊಸತಲ್ಲ. ತಾಳೆಯಾಗದ ರಕಮನ್ನು ಪ್ರಾಮಾಣಿಕನಾದ ಗುಮಾಸ್ತನು ಹೊಡೆದುಹಾಕನು, ಲಾಭಕ್ಕೂ ಸೇರಿಸನು. ಅನಾಮತ್ತು ಖಾತೆಯಲ್ಲಿ ಬರೆದಿಟ್ಟು, ತಿಳಿದವರು ಬರುವವರೆಗೆ ಪ್ರತಿವರ್ಷ ಮುಂದಕ್ಕೆ ತರುತ್ತಾನೆ. ಮೂಡಬಿದಿರೆಯ ಸಿದ್ಧಾಂತ ಬಸದಿಯು ಶತಮಾನಗಳ ಕಾಲ ಕಾಪಾಡಿದ ತಾಳೆಗರಿಗಳಲ್ಲಿಯೂ, 1939ರಿಂದ ಅಚ್ಚಾದ 16 ಸಂಪುಟಗಳಲ್ಲಿಯೂ ಆ ಭಿನ್ನ ಮತಗಳು ಒಂದರ ಪಕ್ಕದಲ್ಲಿ ಒಂದು ಹಾಗೆಯೇ ಉಳಿದಿವೆ.